ಸುಮ್ಮನೆ ಕೂತ ಮಗು ಏನು ಕಲಿಯುತ್ತಿದೆ?

ಮಕ್ಕಳ ಪ್ರಗತಿ ಪತ್ರದ ಕೊನೆಯಲ್ಲಿ ಟೀಚರುಗಳು ಬರೆಯುವ ಒಂದು ಮಾತು ಎಲ್ಲರಿಗೂ ಗೊತ್ತು. ‘ಓದಿನಲ್ಲಿ ಚುರುಕು. ಆದರೆ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ.’ ಆ ‘ಆದರೆ’ ನೋಡಿ. ಮಗು ಕಲಿಯುತ್ತಿದೆ ಅಂತ ಒಪ್ಪಿಕೊಂಡ ಮೇಲೂ ಅದರಲ್ಲಿ ಏನೋ ಕೊರತೆ ಇದೆ ಅಂತ ಸೂಚಿಸುತ್ತದೆ.

ಪ್ರಶ್ನೆ ಕೇಳಿದ ಕೂಡಲೇ ಕೈ ಎತ್ತದ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಕೇಳಿದ್ದನ್ನು ಮನಸ್ಸಿನಲ್ಲೇ ಒಂದೆರಡು ಸಲ ತಿರುಗಿಸಿ ನೋಡುತ್ತಾರೆ. ಆಮೇಲೆ ತಮ್ಮ ಪಾಡಿಗೆ ಕೂತು ಬರೆಯುತ್ತಾರೆ, ತಪ್ಪುತ್ತಾರೆ, ತಿದ್ದಿಕೊಳ್ಳುತ್ತಾರೆ. ಇಂಥವರ ವಿಷಯದಲ್ಲಿ ದೊಡ್ಡವರು ಎರಡು ತಪ್ಪು ಮಾಡುತ್ತಾರೆ. ಹೇಗಾದರೂ ಮಾಡಿ ಮಾತಾಡಿಸಲೇಬೇಕು ಅಂತ ಹಟ ಹಿಡಿಯುವುದು ಮೊದಲನೆಯದು. ಎರಡನೆಯದು ನೋಡಲು ಒಳ್ಳೆಯ ಮನಸ್ಸಿನದು: ‘ಅವಳಿಗೇನು, ತಾನೇ ಕಲೀತಾಳೆ ಬಿಡಿ.’ ಈ ಎರಡನೆಯದರಿಂದಲೇ ಜಾಸ್ತಿ ನಷ್ಟ ಅಂತ ನನ್ನ ಅನಿಸಿಕೆ. ಒಬ್ಬರೇ ಕೂತು ಕಲಿಯುವ ಮಗುವಿಗೂ ಟೀಚರ್ ಬೇಕು. ಕೆಲಸದ ನಡುವೆ ಅಷ್ಟಾಗಿ ಬೇಡ. ಕೆಲಸ ಶುರುವಾಗುವ ಮುಂಚೆ ಬೇಕು, ಮುಗಿದ ಮೇಲೆ ಬೇಕು.

ಮೊದಲು ಒಂದು ಹಣೆಪಟ್ಟಿಯ ಕಥೆ

ಅಮೆರಿಕದ ಮನಶ್ಶಾಸ್ತ್ರಜ್ಞ ಹೊವಾರ್ಡ್ ಗಾರ್ಡ್ನರ್ 1983ರಲ್ಲಿ ಬುದ್ಧಿಶಕ್ತಿ ಏಳು ಬಗೆಯದು ಅಂತ ವಾದಿಸಿದರು. ಮಾತಿನ ಬುದ್ಧಿ, ಲೆಕ್ಕದ ಬುದ್ಧಿ, ಸಂಗೀತದ ಬುದ್ಧಿ ಹೀಗೆ. ಆ ಪಟ್ಟಿಯಲ್ಲಿ ತನ್ನನ್ನು ತಾನು ಅರಿಯುವ ಶಕ್ತಿಯೂ ಇತ್ತು. ನನಗೆ ಯಾವುದು ಇಷ್ಟ, ಯಾವುದಕ್ಕೆ ಭಯ, ನನ್ನ ಬಲ ಎಲ್ಲಿದೆ ಅಂತ ಗುರುತಿಸುವ ಶಕ್ತಿ ಅದು. ಶಿಕ್ಷಕರಿಗೆ ಈ ವಿಚಾರ ತುಂಬಾ ಹಿಡಿಸಿತು. ಎಷ್ಟು ಹಿಡಿಸಿತು ಅಂದರೆ, ಮಕ್ಕಳ ಕೈಗೆ ಪ್ರಶ್ನಾವಳಿ ಕೊಟ್ಟು, ‘ನೀನು ಒಬ್ಬನೇ ಕಲಿಯುವವನು, ನೀನು ಗುಂಪಿನಲ್ಲಿ ಕಲಿಯುವವಳು’ ಅಂತ ಹಣೆಪಟ್ಟಿ ಕಟ್ಟುವವರೆಗೂ ಹೋಯಿತು.

ಇಲ್ಲಿ ಸ್ವಲ್ಪ ತಡೆಯಬೇಕು. ತಾನು ಹೇಳಿದ್ದಕ್ಕೂ ‘ಕಲಿಕೆಯ ಶೈಲಿ’ ಅನ್ನುವುದಕ್ಕೂ ಸಂಬಂಧವಿಲ್ಲ ಅಂತ ಗಾರ್ಡ್ನರ್ ಅವರೇ ಮುಂದೆ ಬಿಡಿಸಿ ಹೇಳಿದ್ದಾರೆ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಸಂಗಡಿಗರು ಈ ಬಗ್ಗೆ ಅಲ್ಲಿಯವರೆಗೆ ನಡೆದ ಸಂಶೋಧನೆಗಳನ್ನು ಜಾಲಾಡಿದರು. ಮಗುವಿನ ಶೈಲಿ ಪತ್ತೆಮಾಡಿ, ಅದಕ್ಕೆ ಒಪ್ಪುವ ಹಾಗೆ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಅನ್ನುವುದಕ್ಕೆ ಸಾಕಷ್ಟು ಪುರಾವೆ ಅವರಿಗೆ ಸಿಗಲಿಲ್ಲ.

ಹಾಗಾದರೆ ಒಬ್ಬರೇ ಕಲಿಯುವ ಮಕ್ಕಳು ಅನ್ನುವುದೇ ಸುಳ್ಳಾ? ಹಾಗೇನಿಲ್ಲ. ಇಷ್ಟ ಅನ್ನುವುದು ನಿಜ. ಕೆಲವರಿಗೆ ಗದ್ದಲದಲ್ಲಿ ತಲೆ ಓಡುವುದಿಲ್ಲ, ಕೆಲವರಿಗೆ ಉತ್ತರ ಹೊಳೆಯಲು ಹೊತ್ತು ಬೇಕು. ಇಷ್ಟವಾದ ಮಾತ್ರಕ್ಕೆ ಅದರಿಂದಲೇ ಹೆಚ್ಚು ಕಲಿಕೆ ಆಗುತ್ತದೆ ಅಂತ ಅಂದುಕೊಳ್ಳುವಲ್ಲಿ ಎಡವುತ್ತೇವೆ ಅಷ್ಟೆ. ಮಗು ಎಂಥದು ಅಂತ ತೀರ್ಪು ಕೊಡುವ ಬದಲು, ಆ ಮೌನದೊಳಗೆ ಏನು ನಡೆಯುತ್ತಿದೆ ಅಂತ ನೋಡಿದರೆ ಉಪಯೋಗವಾಗುತ್ತದೆ. ಅಲ್ಲಿ ನಡೆಯುವ ಕೆಲಸವನ್ನು ಕಲಿಸಬಹುದು. ಮಾತುಗಾರ ಮಕ್ಕಳಿಗೂ ಕಲಿಸಬಹುದು.

ಮೌನದೊಳಗಿನ ಕೆಲಸ

1979ರಲ್ಲಿ ಜಾನ್ ಫ್ಲೇವೆಲ್ ಅನ್ನುವ ಮನಶ್ಶಾಸ್ತ್ರಜ್ಞ ಒಂದು ಪದವನ್ನು ನೆಲೆಗೊಳಿಸಿದರು. ಮೆಟಾಕಾಗ್ನಿಷನ್. ಹೆಸರು ದೊಡ್ಡದು, ಅರ್ಥ ಸರಳ: ನಮ್ಮ ಯೋಚನೆಯ ಬಗ್ಗೆ ನಾವೇ ಯೋಚಿಸುವುದು. ಪುಟ ಓದುತ್ತಾ ಇದ್ದಕ್ಕಿದ್ದಂತೆ ‘ಅಯ್ಯೋ, ಹಿಂದಿನ ಎರಡು ಸಾಲು ತಲೆಗೆ ಹೋಗಲೇ ಇಲ್ಲ’ ಅಂತ ಅನ್ನಿಸುತ್ತದಲ್ಲ, ಅದೇ ಅದು. ಹಾಗೆ ಅನ್ನಿಸಿದವರು ಹಿಂದೆ ಹೋಗಿ ಮತ್ತೆ ಓದುತ್ತಾರೆ. ಅನ್ನಿಸದವರು ಪುಟ ಮಗುಚುತ್ತಾರೆ.

ಈ ಕೆಲಸ ಎಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆ ಅಂತ ಮಿಷೆಲಿನ್ ಚಿ ಮತ್ತು ಸಂಗಡಿಗರು 1989ರಲ್ಲಿ ತೋರಿಸಿದರು. ಭೌತಶಾಸ್ತ್ರದ ಬಿಡಿಸಿದ ಲೆಕ್ಕಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ಓದುತ್ತಾ ತಲೆಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳಲು ಕೇಳಿದರು. ಮುಂದೆ ಹೊಸ ಲೆಕ್ಕಗಳನ್ನು ಚೆನ್ನಾಗಿ ಬಿಡಿಸಿದವರು ಓದುವಾಗ ಒಂದು ಕೆಲಸ ಜಾಸ್ತಿ ಮಾಡಿದ್ದರು. ಪ್ರತಿ ಹೆಜ್ಜೆಯಲ್ಲೂ ‘ಇದು ಯಾಕೆ ಹೀಗೆ ಬಂತು’ ಅಂತ ತಮಗೆ ತಾವೇ ವಿವರಿಸಿಕೊಂಡಿದ್ದರು. ಇನ್ನೊಂದು ಸಂಗತಿಯೂ ಅಲ್ಲಿ ಕಂಡಿತು. ‘ಇದು ನನಗೆ ಅರ್ಥವಾಗಲಿಲ್ಲ’ ಅನ್ನುವ ಮಾತು ಚೆನ್ನಾಗಿ ಕಲಿತವರ ಬಾಯಲ್ಲೇ ಹೆಚ್ಚು ಬಂತು. ಕಡಿಮೆ ಕಲಿತವರಿಗೆ ಎಲ್ಲ ಅರ್ಥವಾದ ಹಾಗೇ ಅನ್ನಿಸಿತ್ತು.

ಇದು ಹುಟ್ಟಿನಿಂದಲೇ ಬಂದ ಗುಣ ಇರಬಹುದು ಅಂತ ಅನುಮಾನ ಬರುವುದು ಸಹಜ. ಅದಕ್ಕೂ ಚಿ ಅವರ ತಂಡವೇ ಉತ್ತರ ಹುಡುಕಿತು. 1994ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ರಕ್ತ ಪರಿಚಲನೆಯ ಬಗ್ಗೆ ಒಂದು ಪಾಠ ಕೊಟ್ಟರು. ಒಂದು ಗುಂಪಿಗೆ ಪ್ರತಿ ಸಾಲು ಓದಿದ ಮೇಲೆ ಅದನ್ನು ತಮಗೆ ತಾವೇ ವಿವರಿಸಿಕೊಳ್ಳಲು ಹೇಳಿದರು. ಇನ್ನೊಂದು ಗುಂಪು ಅದೇ ಪಾಠವನ್ನು ಎರಡು ಸಲ ಓದಿತು. ವಿವರಿಸಿಕೊಂಡವರಿಗೇ ಹೆಚ್ಚು ಅರ್ಥವಾಯಿತು. ಅಂದರೆ ಹೇಳಿಕೊಟ್ಟರೆ ಈ ಅಭ್ಯಾಸ ಬರುತ್ತದೆ. ಇಷ್ಟಕ್ಕೂ ಅಲ್ಲಿ ಹೇಳಿಕೊಟ್ಟದ್ದು ಎಷ್ಟು? ಪ್ರತಿ ಸಾಲಿಗೂ ಒಮ್ಮೆ ನಿಂತು ವಿವರಿಸಿಕೋ ಅನ್ನುವುದು, ಅಷ್ಟೆ.

ಬ್ಯಾರಿ ಜಿಮ್ಮರ್‌ಮನ್ ಅನ್ನುವವರು ಇಂಥ ಕಲಿಕೆಯನ್ನು ಮೂರು ಘಟ್ಟವಾಗಿ ಬಿಡಿಸಿದ್ದಾರೆ. ಮುಂಚಿನ ಯೋಚನೆ, ಕೆಲಸ, ಆಮೇಲಿನ ಅವಲೋಕನ. ಆಮೇಲೆ ಕಂಡುಕೊಂಡದ್ದು ಮುಂದಿನ ಕೆಲಸದ ಮುಂಚಿನ ಯೋಚನೆಗೆ ಹೋಗಿ ಸೇರುತ್ತದೆ. ಗಾಣದ ಹಾಗೆ ಸುತ್ತುತ್ತಲೇ ಇರುತ್ತದೆ. ಒಬ್ಬರೇ ಕಲಿಯುವ ಮಗುವಿಗೆ ನಡುವಿನ ಘಟ್ಟ ತುಂಬಾ ಇಷ್ಟ. ಹೇಳದೇ ಕೇಳದೇ ಗಂಟೆಗಟ್ಟಲೆ ಕೂರುತ್ತದೆ. ಮೊದಲಿನದು ಮತ್ತು ಕೊನೆಯದು ಎಷ್ಟೋ ಸಲ ಜಾರಿಹೋಗುತ್ತವೆ.

ಓದಿದ್ದೇನೆ, ಆದರೆ ಬರುತ್ತಿಲ್ಲ

ಒಬ್ಬರೇ ಓದುವಾಗ ಅಡ್ಡ ಪ್ರಶ್ನೆ ಕೇಳುವವರು ಯಾರೂ ಇರುವುದಿಲ್ಲ. ಹಾಗಾಗಿ ಗೊತ್ತಿದೆ ಅನ್ನುವ ಭ್ರಮೆಗೆ ಬೀಳುವುದು ಸುಲಭ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಮಾಡಿದ ಪ್ರಯೋಗ ಇದನ್ನು ಚೆನ್ನಾಗಿ ಹಿಡಿದಿಟ್ಟಿದೆ. ಕಾಲೇಜು ವಿದ್ಯಾರ್ಥಿಗಳು ಒಂದು ಗದ್ಯಭಾಗ ಓದಿದರು. ಕೆಲವರು ಅದನ್ನೇ ಮತ್ತೊಮ್ಮೆ ಓದಿದರು. ಉಳಿದವರು ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆದರು. 5 ನಿಮಿಷ ಬಿಟ್ಟು ಪರೀಕ್ಷಿಸಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ನೋಡಿದರೆ ಲೆಕ್ಕ ತಲೆಕೆಳಗಾಗಿತ್ತು. ಮತ್ತೆ ಓದಿದವರಿಗೆ ಶೇ. 42ರಷ್ಟು ನೆನಪಿತ್ತು. ಪುಸ್ತಕ ಮುಚ್ಚಿ ಬರೆದವರಿಗೆ ಶೇ. 56ರಷ್ಟು. ಅದೇ ಅಧ್ಯಯನದ ಇನ್ನೊಂದು ಪ್ರಯೋಗದಲ್ಲಿ, ಮತ್ತೆ ಮತ್ತೆ ಓದಿದವರಿಗೆ ತಮಗೆ ಚೆನ್ನಾಗಿ ನೆನಪಿರುತ್ತದೆ ಅನ್ನುವ ಭರವಸೆ ಜಾಸ್ತಿ ಇತ್ತು. ನಿಜಕ್ಕೂ ನೆನಪಿದ್ದದ್ದು ಕಡಿಮೆ.

ಅಕ್ಷರಗಳಿಗೆ ಬಣ್ಣ ಬಣ್ಣದ ಗೆರೆ ಎಳೆದು, ಅಚ್ಚುಕಟ್ಟಾಗಿ ನೋಟ್ಸ್ ಬರೆದು, ಪರೀಕ್ಷೆಯಲ್ಲಿ ತಡಕಾಡುವ ಮಗುವನ್ನು ನೀವು ನೋಡಿರುತ್ತೀರಿ. ಶ್ರಮ ಸುಳ್ಳಲ್ಲ. ಆದರೆ ಆ ಶ್ರಮದಲ್ಲಿ ಪುಸ್ತಕ ಮುಚ್ಚಿದ ಗಳಿಗೆ ಇರಲಿಲ್ಲ. (ನನ್ನ ನೋಟ್‌ಬುಕ್ಕುಗಳೂ ತುಂಬಾ ಚೆನ್ನಾಗಿದ್ದವು. ಅಂಕಗಳ ಮಾತು ಬೇಡ.)

ಇಂಥ ಮಗುವಿಗೆ ‘ಇನ್ನೂ ಓದು’ ಅನ್ನುವುದು ಗಾಯದ ಮೇಲೆ ಬರೆ ಎಳೆದ ಹಾಗೆ. ಬದಲಿಗೆ ಒಂದು ಖಾಲಿ ಹಾಳೆ ಕೊಡಿ. ಪಾಠ ಮುಗಿದ ಮೇಲೆ ಪುಸ್ತಕ ಮುಚ್ಚಿ ತೋಚಿದ್ದೆಲ್ಲ ಬರೆಯಲಿ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಲಿ. ಆ ಎರಡನೇ ಬಣ್ಣವೇ ನಾಳೆ ಓದಬೇಕಾದದ್ದು. ಹಾಳೆಗೆ ಅಂಕ ಹಾಕಬೇಡಿ. ಅಂಕ ಹಾಕಿದ ದಿನದಿಂದ ಮಕ್ಕಳು ಬರೆಯುವ ಮುಂಚೆ ಒಮ್ಮೆ ಪುಸ್ತಕ ಇಣುಕುತ್ತಾರೆ, ಅಲ್ಲಿಗೆ ಆಟ ಮುಗೀತು.

ಕೆಲಸಕ್ಕೆ ಮುಂಚೆ

‘ನಿನಗೆ ಇಷ್ಟವಾದ ವಿಷಯದ ಮೇಲೆ ಪ್ರಾಜೆಕ್ಟ್ ಮಾಡಿಕೊಂಡು ಬಾ’ ಅನ್ನುವುದು ಕೇಳಲು ಉದಾರವಾಗಿದೆ. ಹೊಸಬರಿಗೆ ಅದು ಈಜು ಬರದವರನ್ನು ಬಾವಿಗೆ ತಳ್ಳಿದ ಹಾಗೆ. ಪೌಲ್ ಕಿರ್ಶ್ನರ್, ಜಾನ್ ಸ್ವೆಲರ್ ಮತ್ತು ರಿಚರ್ಡ್ ಕ್ಲಾರ್ಕ್ 2006ರಲ್ಲಿ ಇದನ್ನೇ ಖಾರವಾಗಿ ವಾದಿಸಿದರು. ಒಂದು ವಿಷಯಕ್ಕೆ ಹೊಸಬರಾದವರಿಗೆ ಮಾರ್ಗದರ್ಶನ ಕಡಿಮೆ ಮಾಡಿದರೆ ಕಲಿಕೆಯೂ ಕಡಿಮೆಯಾಗುತ್ತದೆ ಅಂತ. ಹೊಸದನ್ನು ಹಿಡಿದಿಟ್ಟು ಯೋಚಿಸುವ ನೆನಪಿನ ಜಾಗ ಚಿಕ್ಕದು. ಎಲ್ಲಿಂದ ಶುರುಮಾಡಬೇಕು ಅಂತ ಹುಡುಕುವುದರಲ್ಲೇ ಅದು ತುಂಬಿಹೋದರೆ, ಕಲಿಯಲು ಜಾಗ ಎಲ್ಲಿ? ಅವರ ವಾದಕ್ಕೆ ಎದುರುವಾದಗಳೂ ಬಂದವು. ಆದರೆ ಪಳಗಿದವರಿಗೂ ಹೊಸಬರಿಗೂ ಒಂದೇ ಅಳತೆಯ ಸಹಾಯ ಸಲ್ಲದು ಅನ್ನುವುದನ್ನು ತಳ್ಳಿಹಾಕುವುದು ಕಷ್ಟ. ಪಳಗಿದ ಮೇಲೂ ಹೆಜ್ಜೆ ಹೆಜ್ಜೆಗೆ ಹೇಳಿಕೊಡುತ್ತಾ ಹೋದರೆ ಅದೇ ಅಡ್ಡಿಯಾಗುತ್ತದೆ ಅಂತಲೂ ಸಂಶೋಧನೆಗಳು ತೋರಿಸಿವೆ.

ಕಟ್ಟಡ ಏಳುವಾಗ ಸುತ್ತ ಸಾರ್ವೆ ನಿಲ್ಲಿಸುತ್ತಾರಲ್ಲ, ಸಹಾಯ ಹಾಗಿರಬೇಕು. 1976ರಲ್ಲಿ ಡೇವಿಡ್ ವುಡ್, ಜೆರೋಮ್ ಬ್ರೂನರ್ ಮತ್ತು ಗೇಲ್ ರಾಸ್ ಕಲಿಕೆಯ ವಿಷಯದಲ್ಲಿ ಬಳಸಿದ್ದೂ ಇದೇ ಹೋಲಿಕೆ. ಗೋಡೆ ಒಣಗಿದ ಹಾಗೆ ಸಾರ್ವೆ ಒಂದೊಂದೇ ಬಿಚ್ಚುತ್ತಾ ಹೋಗುತ್ತಾರೆ.

ಸ್ವತಂತ್ರ ಕೆಲಸದಲ್ಲಿ ಇದು ಹೇಗಿರುತ್ತದೆ? ಭಿನ್ನರಾಶಿಯ ಭಾಗಾಕಾರವನ್ನು ಒಬ್ಬಳೇ ಕಲಿಯಲು ಹೊರಟ ಹುಡುಗಿಯನ್ನು ಊಹಿಸಿಕೊಳ್ಳಿ. ಮೊದಲ ದಿನ ಪೂರ್ತಿ ಬಿಡಿಸಿದ ಎರಡು ಲೆಕ್ಕ ಕೊಡಬೇಕು, ಪ್ರತಿ ಹೆಜ್ಜೆಯ ಪಕ್ಕ ‘ಯಾಕೆ?’ ಅಂತ ಖಾಲಿ ಜಾಗ ಬಿಟ್ಟು. ಮುಂದಿನ ಲೆಕ್ಕದಲ್ಲಿ ಕೊನೆಯ ಹೆಜ್ಜೆ ಇರುವುದಿಲ್ಲ, ಅವಳೇ ಬರೆಯಬೇಕು. ಅದರ ಮುಂದಿನದರಲ್ಲಿ ಎರಡು ಹೆಜ್ಜೆ ಇರುವುದಿಲ್ಲ. ಕೊನೆಗೆ ಬರೀ ಪ್ರಶ್ನೆ ಉಳಿಯುತ್ತದೆ. ಉತ್ತರಗಳ ಹಾಳೆಯೂ ಅವಳ ಬಳಿಯೇ ಇರಲಿ, ನೋಡಿಕೊಳ್ಳುವ ಅಧಿಕಾರ ಅವಳದೇ. ಶುರುಮಾಡುವ ಮುಂಚೆ ಒಂದು ಸಾಲು ಬರೆಯಲಿ: ಇವತ್ತು ನಾನು ಏನು ಮಾಡಬೇಕು ಅಂತಿದ್ದೇನೆ, ಎಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ಈ ಎರಡನೇ ಭಾಗ ಮುಖ್ಯ. ಮೊದಮೊದಲು ಅವಳ ಊಹೆ ಎಲ್ಲೆಲ್ಲೋ ಹೋಗುತ್ತದೆ. ವಾರಗಳು ಕಳೆದ ಹಾಗೆ ಹತ್ತಿರ ಬರುತ್ತದೆ. ಲೆಕ್ಕದ ಜೊತೆಗೆ ಅವಳು ತನ್ನನ್ನೂ ಕಲಿಯುತ್ತಿರುತ್ತಾಳೆ.

ಆಯ್ಕೆಯ ಬಗ್ಗೆಯೂ ಒಂದು ಮಾತು. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಪ್ರಕಾರ ಮನುಷ್ಯ ಒಳಗಿನ ಆಸೆಯಿಂದ ಕೆಲಸ ಮಾಡಲು ಮೂರು ಬೇಕು: ಇದು ನನ್ನ ಆಯ್ಕೆ ಅನ್ನುವ ಭಾವ, ನನ್ನ ಕೈಲಾಗುತ್ತದೆ ಅನ್ನುವ ಭಾವ, ನನ್ನವರು ಇದ್ದಾರೆ ಅನ್ನುವ ಭಾವ. ‘ಸ್ವತಂತ್ರ’ ಅಂದ ಕೂಡಲೇ ಮೊದಲನೆಯದನ್ನು ಮಾತ್ರ ನೋಡಿ ಮೂರನೆಯದನ್ನು ಮರೆಯುತ್ತೇವೆ. ಆಯ್ಕೆ ದೊಡ್ಡದಿರಬೇಕಿಲ್ಲ. ಯಾವುದು ಮೊದಲು, ಎಷ್ಟು ಹೊತ್ತು, ಬರೆದು ತೋರಿಸುವುದೋ ಚಿತ್ರ ಬಿಡಿಸಿ ತೋರಿಸುವುದೋ, ಇಷ್ಟು ಸಾಕು. ಬಹುಮಾನದ ಆಮಿಷ ಬೇಡ. 1971ರಲ್ಲಿ ಡೆಸಿ ನಡೆಸಿದ ಪ್ರಯೋಗದಲ್ಲಿ, ಒಗಟು ಬಿಡಿಸಲು ದುಡ್ಡು ಪಡೆದ ವಿದ್ಯಾರ್ಥಿಗಳು ದುಡ್ಡು ನಿಂತ ಮೇಲೆ ಬಿಡುವಿನ ಹೊತ್ತಿನಲ್ಲಿ ಅದನ್ನು ಮುಟ್ಟುವುದು ಕಡಿಮೆಯಾಗಿತ್ತು.

ಮೂರು ಸೆಕೆಂಡು

ತರಗತಿಯೊಳಗೆ ಈ ಮಕ್ಕಳಿಗೆ ಕೊಡಬಹುದಾದ ಅತಿ ಅಗ್ಗದ ಸಹಾಯ ಸಮಯ. ಮೇರಿ ಬಡ್ ರೋ ಅನ್ನುವ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳುತ್ತಾ ಒಂದು ವಿಚಿತ್ರ ಕಂಡುಹಿಡಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಸುಮಾರು 1 ಸೆಕೆಂಡು ಮಾತ್ರ ಕಾಯುತ್ತಿದ್ದರು. ಉತ್ತರ ಬರದಿದ್ದರೆ ಇನ್ನೊಬ್ಬರನ್ನು ಕೇಳುತ್ತಿದ್ದರು, ಇಲ್ಲವೇ ತಾವೇ ಹೇಳಿಬಿಡುತ್ತಿದ್ದರು. ಅದನ್ನು 3 ಸೆಕೆಂಡಿಗೆ ಅಥವಾ ಅದಕ್ಕಿಂತ ಹೆಚ್ಚಿಗೆ ಹಿಗ್ಗಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು. ಉತ್ತರವೇ ಬರದ ಸಂದರ್ಭಗಳು ಕಡಿಮೆಯಾದವು. ಸುಮ್ಮನಿದ್ದವರಲ್ಲಿ ಹೆಚ್ಚು ಮಂದಿ ಬಾಯಿಬಿಟ್ಟರು.

ಒಮ್ಮೆ ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಮೂರು ಎಣಿಸಿ ನೋಡಿ. ಎಷ್ಟು ದೊಡ್ಡ ಮೌನ ಅನ್ನಿಸುತ್ತದೆ! ಅದನ್ನು ತುಂಬಲು ನಾಲಿಗೆ ತುರಿಸುತ್ತದೆ. ಆ ತುರಿಕೆ ತಡೆದುಕೊಳ್ಳುವುದೇ ಇಲ್ಲಿ ಶಿಕ್ಷಕರ ಕೆಲಸ.

ಗುಂಪು ಚಟುವಟಿಕೆಗೂ ಇದೇ ಸೂತ್ರ. ಗುಂಪಿನಲ್ಲಿ ಕೂತರೆ ವಿಚಾರಗಳು ಉಕ್ಕುತ್ತವೆ ಅನ್ನುವ ನಂಬಿಕೆ ಗಟ್ಟಿಯಾಗಿದೆ. 1958ರಲ್ಲೇ ಯೇಲ್ ವಿಶ್ವವಿದ್ಯಾಲಯದಲ್ಲಿ ಅದನ್ನು ಪರೀಕ್ಷಿಸಿದರು. ಒಟ್ಟಿಗೆ ಕೂತು ಚರ್ಚಿಸಿದ ನಾಲ್ವರಿಗಿಂತ, ಬೇರೆ ಬೇರೆ ಕೂತು ಯೋಚಿಸಿದ ನಾಲ್ವರ ವಿಚಾರಗಳನ್ನು ಕೂಡಿಸಿದಾಗ ಹೆಚ್ಚುಕಡಿಮೆ ಎರಡರಷ್ಟು ಬಂದವು. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು, ಕಾಯುವಾಗ ತಮ್ಮದು ಮರೆತುಹೋಗುತ್ತದೆ. ಹಾಗಂತ ಗುಂಪೇ ಬೇಡ ಅನ್ನಬೇಕಿಲ್ಲ. ಫ್ರಾಂಕ್ ಲೈಮನ್ 1981ರಲ್ಲಿ ಒಂದು ಸುಲಭದ ಕ್ರಮ ಹೇಳಿದರು. ಮೊದಲು ಒಬ್ಬರೇ ಯೋಚಿಸಿ, ಆಮೇಲೆ ಪಕ್ಕದವರ ಜೊತೆ ಮಾತಾಡಿ, ಕೊನೆಗೆ ಎಲ್ಲರಿಗೂ ಹೇಳಿ. ಮೊದಲ ಹೆಜ್ಜೆಯಲ್ಲಿ ಎರಡು ಸಾಲು ಬರೆಸಿದರೆ ಇನ್ನೂ ಒಳ್ಳೆಯದು. ಕೈಯಲ್ಲಿ ಚೀಟಿ ಇದ್ದರೆ ಮಿತಭಾಷಿಗೂ ಧೈರ್ಯ ಬರುತ್ತದೆ.

ಈ ಮಕ್ಕಳು ಗುಂಪಿನಲ್ಲಿ ಮಾತಾಡುವುದನ್ನು ಕಲಿಯಬೇಕು, ಅದರಿಂದ ಪೂರ್ತಿ ವಿನಾಯಿತಿ ಕೊಡಬಾರದು ಅಂತ ನನ್ನ ಅಭಿಪ್ರಾಯ. ಎಲ್ಲರೂ ಒಪ್ಪಬೇಕಿಲ್ಲ. ಆದರೆ ತನ್ನ ತಪ್ಪು ತನಗೇ ಕಾಣದ ಜಾಗಗಳು ಎಲ್ಲರಲ್ಲೂ ಇರುತ್ತವೆ, ಅವನ್ನು ಇನ್ನೊಬ್ಬರ ಕಣ್ಣು ತೋರಿಸಬೇಕು.

ಕೆಲಸ ಮುಗಿದ ಮೇಲೆ

‘ಇವತ್ತು ಏನು ಕಲಿತೆ ಅಂತ ಡೈರಿ ಬರಿ’ ಅಂತ ಹೇಳಿ ನೋಡಿ. ‘ಇವತ್ತು ತುಂಬಾ ಕಲಿತೆ, ಚೆನ್ನಾಗಿತ್ತು’ ಅಂತ ಬರುತ್ತದೆ. ಮಗುವಿನ ತಪ್ಪಲ್ಲ, ಪ್ರಶ್ನೆಯೇ ಸಪ್ಪೆ. ಪ್ರಶ್ನೆ ಚಿಕ್ಕದಾಗಿ, ಒಂದು ಜಾಗಕ್ಕೆ ಬೆರಳಿಟ್ಟು ತೋರಿಸುವ ಹಾಗಿರಬೇಕು. ಎಷ್ಟನೇ ಹೆಜ್ಜೆಯಲ್ಲಿ ನಿಂತುಹೋದೆ? ಅಲ್ಲಿಂದ ಹೊರಬರಲು ಏನು ಮಾಡಿದೆ? ನಾಳೆ ಇದನ್ನೇ ಮಾಡುವುದಾದರೆ ಯಾವ ಒಂದು ವಿಷಯ ಬದಲಾಯಿಸುತ್ತೀ?

ಪರೀಕ್ಷೆಯ ಉತ್ತರ ಪತ್ರಿಕೆ ವಾಪಸು ಕೊಡುವಾಗಲೂ ಹೀಗೇ ಮಾಡಬಹುದು. ಅಂಕ ನೋಡಿ ಬ್ಯಾಗಿಗೆ ತುರುಕುವ ಮುಂಚೆ ಒಂದು ಅರ್ಧ ಪುಟ ತುಂಬಲಿ. ಹೇಗೆ ತಯಾರಿ ಮಾಡಿದ್ದೆ, ಕಳೆದುಕೊಂಡ ಅಂಕಗಳಲ್ಲಿ ಎಷ್ಟು ಗಡಿಬಿಡಿಯಿಂದ, ಎಷ್ಟು ವಿಷಯ ಗೊತ್ತಿಲ್ಲದ್ದರಿಂದ, ಮುಂದಿನ ಸಲ ಏನು ಬೇರೆ. ಆ ಹಾಳೆಯನ್ನು ಟೀಚರ್ ಇಟ್ಟುಕೊಂಡು ಮುಂದಿನ ಪರೀಕ್ಷೆಗೆ ಒಂದು ವಾರ ಮುಂಚೆ ವಾಪಸು ಕೊಡಬೇಕು. ಇದನ್ನು ಮರೆತರೆ ಉಳಿದದ್ದೆಲ್ಲ ದಂಡ. ತನ್ನದೇ ಕೈಬರಹದಲ್ಲಿ ತನಗೇ ಬಂದ ಬುದ್ಧಿವಾದವನ್ನು ಮಕ್ಕಳು ಸುಲಭಕ್ಕೆ ತಳ್ಳಿಹಾಕುವುದಿಲ್ಲ.

ಅವಲೋಕನಕ್ಕೆ ಒಂದು ಕತ್ತಲ ಬದಿಯೂ ಇದೆ. ಒಳಗೆ ನೋಡಿಕೊಳ್ಳುವ ಅಭ್ಯಾಸ ಇರುವವರು ಕೊರಗುವುದಕ್ಕೂ ಬೇಗ ಜಾರುತ್ತಾರೆ. ಬೇಸರವಾದಾಗ ಅದನ್ನೇ ಮತ್ತೆ ಮತ್ತೆ ಮೆಲುಕು ಹಾಕುವುದರಿಂದ ಖಿನ್ನತೆ ಹೆಚ್ಚುತ್ತದೆ, ಉದ್ದವಾಗುತ್ತದೆ ಅಂತ ಸೂಸನ್ ನೋಲೆನ್-ಹೋಕ್ಸಿಮಾ ವರ್ಷಗಟ್ಟಲೆ ಅಧ್ಯಯನ ಮಾಡಿ ತೋರಿಸಿದ್ದಾರೆ. ‘ನಾನು ಯಾಕೆ ಹೀಗೆ’ ಅನ್ನುವ ಪ್ರಶ್ನೆಗೆ ತಳ ಸಿಗುವುದಿಲ್ಲ. ‘ಮೂರನೇ ಹೆಜ್ಜೆಯಲ್ಲಿ ಏನಾಯಿತು’ ಅನ್ನುವುದಕ್ಕೆ ಸಿಗುತ್ತದೆ. ಡೈರಿಯಲ್ಲಿ ‘ನಾನು ದಡ್ಡ’ ಅನ್ನುವ ಮಾತು ಬಂದರೆ ಅದನ್ನು ಅಳಿಸಲು ಹೇಳಬೇಡಿ. ಪಕ್ಕದಲ್ಲಿ ‘ಯಾವ ಲೆಕ್ಕದಲ್ಲಿ? ಎಷ್ಟನೇ ಸಾಲಿನಲ್ಲಿ?’ ಅಂತ ಬರೆಯಿರಿ. ಮಾತು ವ್ಯಕ್ತಿಯಿಂದ ಕೆಲಸದ ಕಡೆಗೆ ತಿರುಗುತ್ತದೆ.

ಇನ್ನು ವಾರಕ್ಕೊಮ್ಮೆ ಐದು ನಿಮಿಷ ಎದುರಾಬದುರು ಕೂತು ಮಾತಾಡುವುದು. ದೊಡ್ಡ ತರಗತಿಯಲ್ಲಿ ಎಲ್ಲರಿಗೂ ವಾರಕ್ಕೊಮ್ಮೆ ಆಗುವುದಿಲ್ಲ, ಹದಿನೈದು ದಿನಕ್ಕೊಮ್ಮೆಯಾದರೂ ಸರಿ. ಮಗು ತನ್ನ ಪುಸ್ತಕ ತಂದು ತನಗೆ ಹೆಮ್ಮೆ ತಂದ ಒಂದು ಪುಟ, ಅರ್ಥವಾಗದ ಒಂದು ಪುಟ ತೋರಿಸಲಿ. ಎರಡನೇ ಪುಟ ತರದಿದ್ದರೆ ‘ಎಲ್ಲ ಅರ್ಥವಾಯಿತಾ?’ ಅಂತ ಖುಷಿಪಡಬೇಡಿ. ಚಿ ಅವರ ಪ್ರಯೋಗ ನೆನಪಿಸಿಕೊಳ್ಳಿ.

ಮನೆಯವರಿಗೆ ಹೇಳುವುದು ಜಾಸ್ತಿ ಏನಿಲ್ಲ. ಬಾಗಿಲು ಹಾಕಿ ಕೂತರೆ ಪದೇ ಪದೇ ಇಣುಕಬೇಡಿ. ‘ಎಷ್ಟು ಪುಟ ಆಯ್ತು?’ ಅನ್ನುವ ಬದಲು ‘ಎಲ್ಲಿ ಕಷ್ಟ ಆಯ್ತು?’ ಅಂತ ಕೇಳಿ. ಉತ್ತರ ಊಟ ಆದಮೇಲೆ ಬಂದರೂ ಬರಬಹುದು.

ಎಲ್ಲ ಮೌನವೂ ಒಂದೇ ಅಲ್ಲ

ಕೊನೆಗೆ, ಮಗು ಒಬ್ಬಂಟಿಯಾಗಿ ಕೂರುವುದನ್ನೆಲ್ಲ ಸ್ವಭಾವ ಅಂತ ಒಪ್ಪಿಕೊಂಡುಬಿಡುವ ಅಪಾಯ. ಕಿವಿ ಸರಿಯಾಗಿ ಕೇಳಿಸದ ಮಗುವೂ ಸುಮ್ಮನಿರುತ್ತದೆ. ಪಾಠದ ಭಾಷೆ ಮನೆಯ ಭಾಷೆಗಿಂತ ಬೇರೆಯಾದ ಮಗುವೂ, ಯಾರದೋ ಕಾಟಕ್ಕೆ ಹೆದರಿದ ಮಗುವೂ ಸುಮ್ಮನಿರುತ್ತದೆ. ಹೊರಗಿನಿಂದ ನೋಡಿದರೆ ಈ ಮೂವರೂ, ತನ್ನ ಪಾಡಿಗೆ ಕಲಿಯುವ ಮಗುವೂ ಒಂದೇ ತರಹ.

ಗುರುತಿಸಲು ಕೆಲವು ದಾರಿ ಇವೆ. ತನ್ನ ಪಾಡಿಗೆ ಕಲಿಯುವ ಮಗುವಿನ ಪುಸ್ತಕದಲ್ಲಿ ಕೆಲಸ ಮುಂದೆ ಸಾಗಿರುತ್ತದೆ, ಹೊಡೆದು ತಿದ್ದಿದ ಗುರುತು ಇರುತ್ತದೆ. ನಂಬಿಕೆಯವರು ಒಬ್ಬರೇ ಸಿಕ್ಕಾಗ ಇಷ್ಟದ ವಿಷಯದ ಬಗ್ಗೆ ಅದು ಬಾಯಿತುಂಬ ಮಾತಾಡುತ್ತದೆ. ಹೆದರಿದ ಮಗುವಿನ ಪುಸ್ತಕ ಖಾಲಿ ಇರಬಹುದು, ಇಲ್ಲವೇ ಒಂದು ತಪ್ಪೂ ಇಲ್ಲದಷ್ಟು ಶುಭ್ರವಾಗಿರಬಹುದು. ಮೊದಲು ಗೆಳೆಯರ ಜೊತೆ ಇದ್ದ ಮಗು ಇದ್ದಕ್ಕಿದ್ದಂತೆ ಮೂಲೆ ಹಿಡಿದರೆ ಅದನ್ನು ಸ್ವಾವಲಂಬನೆ ಅಂತ ಹೊಗಳಬೇಡಿ. ಎಲ್ಲರ ಎದುರು ಕೇಳಲೂಬೇಡಿ. ಒಂದು ಚೀಟಿಯಲ್ಲಿ ಎರಡು ಸಾಲು ಬರೆದು ಅದರ ಪುಸ್ತಕದೊಳಗಿಡಿ, ಉತ್ತರಕ್ಕೆ ಜಾಗ ಬಿಟ್ಟು. ಆಮೇಲೆ ಒಂದೆರಡು ದಿನ ಕಾಯಿರಿ.